ಜೋಡಿ ಕರೆಯುವ ತನಕ

ಯಾವುದು ಮೊದಲು, ಯಾವುದು ಆಮೇಲೆ ಎಂದು ಎರಡನೇ ತರಗತಿಯ ಮಕ್ಕಳಿಗೆ ಹೇಳಿಕೊಡುವುದು ಹೊರಗಿನವರಿಗೆ ತಮಾಷೆಯಾಗಿ ಕಾಣುತ್ತದೆ. ನಮ್ಮ ಅತ್ತೆಯಂತೂ, "ಅದನ್ನೂ ಹೇಳ್ಕೊಡ್ಬೇಕೇನೆ? ಮುಖ ತೊಳೆದ ಮೇಲೆ ಯಾರಾದ್ರೂ ಹಾಸಿಗೆಯಿಂದ ಏಳ್ತಾರಾ?" ಎಂದು ನಗುತ್ತಾರೆ. ಆದರೆ ಏಳು ವರ್ಷದ ಮಗುವೊಂದನ್ನು ನಿಲ್ಲಿಸಿ, ಮೊಣಕಾಲು ಹೇಗೆ ತರಚಿತು ಎಂದು ಕೇಳಿ ನೋಡಿ. ರಕ್ತದಿಂದ ಶುರು ಮಾಡುತ್ತದೆ, ಅಲ್ಲಿಂದ ಮಾವ ತಂದುಕೊಟ್ಟ ಸೈಕಲ್ಲಿಗೆ ಹಾರುತ್ತದೆ, ಸೈಕಲ್ಲಿನ ಬಣ್ಣ ವರ್ಣಿಸುತ್ತದೆ, ಕೊನೆಗೆ ಬಿದ್ದದ್ದನ್ನು ಹೇಳುವುದನ್ನೇ ಮರೆತು ಓಡಿಹೋಗುತ್ತದೆ.

ಅದಕ್ಕೇ ನಾನು ಜೋಡಿ ಆಟ ಶುರು ಮಾಡಿದ್ದು. ಇಬ್ಬಿಬ್ಬರಿಗೆ ಒಂದು ಕಟ್ಟು ಚಿತ್ರಗಳು, ಒಂದೊಂದು ಕಟ್ಟಿನಲ್ಲಿ ಆರು. ಬೀಜ, ಮೊಳಕೆ, ಗಿಡ, ಮೊಗ್ಗು, ಹೂವು, ಹಣ್ಣು. ಇಲ್ಲವೇ ಪತ್ರ ಬರೆಯುವುದರಿಂದ ಹಿಡಿದು ಅಂಚೆಯವನು ಬಾಗಿಲು ತಟ್ಟುವ ತನಕ. ಜೋಡಿಯಲ್ಲಿ ಒಬ್ಬರು ಹೊರಗೆ ಹೋಗಬೇಕು. ಒಳಗಿರುವವರು ಒಂದೇ ಒಂದು ಚಿತ್ರವನ್ನು ತೆಗೆದು ತಪ್ಪು ಜಾಗದಲ್ಲಿಟ್ಟು, "ಆಮೇಲೆ?" ಎಂದು ಕರೆಯಬೇಕು. ಹೊರಗಿದ್ದವರು ಬಂದು ಯಾವುದು ತಪ್ಪಿ ಕೂತಿದೆ ಎಂದು ಹುಡುಕಿ, ಯಾಕೆ ತಪ್ಪು ಎಂದೂ ಹೇಳಬೇಕು. ಸರಿ ಹೇಳಿದರೆ ಗೋಡೆಯ ಪಟ್ಟಿಯಲ್ಲಿ ಆ ಜೋಡಿಗೆ ಒಂದು ನಕ್ಷತ್ರ.

ಮೊದಮೊದಲು ಹೊರಗೆ ಹೋದವರು ಮಹಡಿಯ ಮೇಲಿನ ನಮ್ಮ ಕಾರಿಡಾರಿನಲ್ಲೇ ನಿಲ್ಲುತ್ತಿದ್ದರು. ಕಿಟಕಿಯಲ್ಲಿ ಇಣುಕುವುದು, ಪಕ್ಕದ ತರಗತಿಯ ಮುಂದೆ ಕುಣಿಯುವುದು. ಪಕ್ಕದ ತರಗತಿಯ ಟೀಚರ್ ಎರಡು ಸಲ ಬಂದು ಮುಖ ಗಂಟು ಹಾಕಿಕೊಂಡು ನಿಂತರು. ಆಗ ನಾನು ಅವರನ್ನು ಕಾರಿಡಾರಿನ ತುದಿಯಲ್ಲಿರುವ, ಮುರಿದ ಬೆಂಚುಗಳನ್ನು ತುಂಬಿಟ್ಟ ಕೋಣೆಗೆ ಕಳಿಸತೊಡಗಿದೆ. ಅಲ್ಲೂ ಇವರ ಚೇಷ್ಟೆ ತಪ್ಪಲಿಲ್ಲ. ಒಬ್ಬರ ಜೋಡಿಯ ಹಾಗೆ ಇನ್ನೊಬ್ಬರು ಬಾಗಿಲ ಬಳಿ ಹೋಗಿ ಸುಳ್ಳೇ ಕರೆಯುವುದು, ನನ್ನ ದನಿಯನ್ನು ಅಣಕಿಸುವುದು. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಮಕ್ಕಳಿಗೂ ಗೊತ್ತು. ಒಂದು ದಿನ ಮೇಜು ಕುಟ್ಟಿ ನಿಯಮ ಹಾಕಿದೆ: ನಿಮ್ಮ ಜೋಡಿ ಕರೆಯುವ ತನಕ, ಬೇರೆ ಯಾರೇ ಕರೆದರೂ ಓಗೊಡಬಾರದು, ಉಸಿರೆತ್ತಬಾರದು, ಹೊರಗೆ ಬರಬಾರದು. ಬಂದರೆ ಆಟದಿಂದ ಔಟ್.

ನಮ್ಮ ತರಗತಿಯಲ್ಲಿ ಮೂವತ್ತೊಂದು ಮಕ್ಕಳು. ಹದಿನೈದು ಜೋಡಿಯಾದ ಮೇಲೆ ಒಬ್ಬಳು ಉಳಿಯುತ್ತಾಳೆ. ಚೋಟುದ್ದ ಇರುವುದರಿಂದ ಎಲ್ಲರೂ ಅವಳನ್ನು ಚೋಟಿ ಎನ್ನುತ್ತಾರೆ. ಅವಳ ಅಮ್ಮ ನಮ್ಮ ಶಾಲೆಯ ಯೂನಿಫಾರಂ ಹೊಲಿಯುವ ಟೈಲರ್, ಅಪ್ಪ ಲಾರಿ ಓಡಿಸಿಕೊಂಡು ಊರೂರು ಸುತ್ತುವವನು. ಚೋಟಿಯದು ಮಾತು ಕಡಿಮೆ, ಬೆರಳುಗಳನ್ನು ಮಡಿಸುತ್ತ ಬಿಚ್ಚುತ್ತ ಯೋಚಿಸುವವಳು. ಅವಳ ಜೋಡಿ ನಾನೇ. ಟೀಚರ್ ಜೋಡಿ ಎಂದು ಅವಳಿಗೆ ಅದೆಷ್ಟು ಜಂಬವೆಂದರೆ, ಆಟದ ದಿನ ಬೆಳಿಗ್ಗೆಯೇ ಬಂದು ನನ್ನ ಕುರ್ಚಿಯ ಪಕ್ಕ ನಿಲ್ಲುತ್ತಿದ್ದಳು. ಹಿಂದಿನ ವಾರ ಮಾತ್ರ ಬೆಲ್ ಹೊಡೆದದ್ದು ಕೇಳಿ, ನಾನು ಕರೆಯುವ ಮೊದಲೇ ಓಡಿಬಂದಿದ್ದಳು. ಅವತ್ತು ನನಗೆ ಬೇರೇನೋ ತಲೆಬಿಸಿ. "ನಿಯಮ ನಿನಗೊಬ್ಬಳಿಗೆ ಇಲ್ವಾ?" ಎಂದು ಎಲ್ಲರೆದುರು ಗದರಿ, ನಮ್ಮ ಜೋಡಿಯ ಒಂದು ನಕ್ಷತ್ರವನ್ನು ಅಳಿಸಿದ್ದೆ. ಅವಳು ಅಳಲಿಲ್ಲ. ಅಳಿಸಿದ ಜಾಗವನ್ನೇ ನೋಡುತ್ತ ನಿಂತಿದ್ದಳು.

ಆ ಶನಿವಾರ ಶಾಲೆ ಹನ್ನೆರಡೂವರೆಗೆ ಮುಗಿಯಿತು. ಒಂದೂಮುಕ್ಕಾಲಿಗೆ ನಾನು ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಚೋಟಿಯ ಅಮ್ಮ ಬಂದರು. ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು, ಸೀರೆಯ ಮೇಲೆಲ್ಲ ದಾರದ ಚೂರು.

"ಟೀಚರ್, ನಮ್ಮ ಪುಟ್ಟಿ ಇನ್ನೂ ಬಂದಿಲ್ಲ. ಸ್ಕೂಲಲ್ಲೇನಾದ್ರೂ ನಿಲ್ಲಿಸ್ಕೊಂಡಿದ್ರಾ?"

"ಇಲ್ವಲ್ಲಮ್ಮ. ಬೆಲ್ ಹೊಡೆದ ತಕ್ಷಣ ಹೋದ್ಲು. ನಾನೇ ಕಣ್ಣಾರೆ ನೋಡಿದೆ, ಬಾಗಿಲು ದಾಟಿ ಹೋದ್ಲು."

ಎಷ್ಟು ಖಾತ್ರಿಯಿಂದ ಹೇಳಿದೆ ಎಂದರೆ, ಹೇಳುವಾಗ ಆ ಚಿತ್ರ ಕಣ್ಣ ಮುಂದೆಯೇ ಇತ್ತು. ಎರಡು ಜಡೆ, ಸಡಿಲವಾದ ಎಡಗಡೆಯ ರಿಬ್ಬನ್ನು, ಹೊಸ್ತಿಲ ಮೇಲೆ ಒಂದು ಸಣ್ಣ ಜಿಗಿತ. ಆ ಹೆಂಗಸು ನನ್ನ ಮಾತನ್ನು ನಂಬಿ, "ಹಾಗಾದ್ರೆ ದಾರೀಲೇ ಏನೋ ಆಗಿರ್ಬೇಕು" ಎಂದು ಮೆಟ್ಟಿಲಿಳಿದು ಓಡಿದರು. ಶಾಲೆಯಿಂದ ಅವರ ಅಂಗಡಿಗೆ ಹೋಗುವ ದಾರಿಯಲ್ಲಿ ಒಂದು ದೊಡ್ಡ ರಸ್ತೆ ದಾಟಬೇಕು, ಅದರಾಚೆ ಕಟ್ಟೆಯಿಲ್ಲದ ಒಂದು ಕಾಲುವೆ ಇದೆ.

"ಸಿಗ್ತಾಳೆ ಬಿಡು, ಯಾವುದೋ ಗೆಳತಿ ಮನೇಲಿ ಕೂತಿರ್ತಾಳೆ. ನೀನು ಊಟ ಮುಗಿಸು" ಎಂದರು ಅತ್ತೆ. ನಾನು ಇನ್ನೂ ಎರಡು ತುತ್ತು ತಿಂದೆ. ಇದನ್ನು ಯಾರಿಗೂ ಹೇಳಿಲ್ಲ, ಇಲ್ಲಿ ಹೇಳುತ್ತಿದ್ದೇನೆ. ಮೂರನೆಯದನ್ನು ತಟ್ಟೆಗೇ ಇಳಿಸಿದೆ. ಕೈ ತೊಳೆದು ನಾನೂ ಕೆಳಗಿಳಿದೆ.

ಮುಂದಿನ ಅರ್ಧ ಗಂಟೆ ನಾನು ಹುಡುಕಿದ್ದೆಲ್ಲ ತಪ್ಪು ಜಾಗದಲ್ಲಿ. ಬಸ್ ನಿಲ್ದಾಣದಲ್ಲಿ ಕೇಳಿದೆ, ಪುಸ್ತಕದಂಗಡಿಯಲ್ಲಿ ಕೇಳಿದೆ, ಚೋಟಿಯ ಗೆಳತಿಯರ ಎರಡು ಮನೆಗಳ ಬಾಗಿಲು ಬಡಿದೆ. ಕಾಲುವೆಯ ಹತ್ತಿರ ನಾಲ್ಕೈದು ಜನ ಆಗಲೇ ಸೇರಿದ್ದರು. ಯಾರೋ ಉದ್ದನೆಯ ಬಿದಿರುಗಳನ್ನು ತಂದು ನೀರಿಗೆ ಬಿಟ್ಟು ಕೆದಕುತ್ತಿದ್ದರು. ಚೋಟಿಯ ಅಮ್ಮ ದಡದಲ್ಲಿ ನಿಂತು, ಬಿದಿರು ಮೇಲೆ ಬಂದಾಗಲೆಲ್ಲ ಅದರ ತುದಿಯನ್ನು ನೋಡುತ್ತಿದ್ದರು. ಅವರ ಹತ್ತಿರ ಹೋಗುವ ಧೈರ್ಯವಾಗದೆ, ಫೋನ್ ಮನೆಯಲ್ಲೇ ಬಿಟ್ಟಿದ್ದೇನೆ ಎಂಬ ನೆಪ ಮಾಡಿಕೊಂಡು ತಿರುಗಿ ಬಂದೆ.

ನಮ್ಮ ಮನೆಯ ಕೆಳಗೆ ದಿನಸಿ ಅಂಗಡಿ. ಅಂಗಡಿಯವನ ಮಗಳು ನನ್ನ ತರಗತಿಯವಳೇ. ಬಾಯಿ ಮುಚ್ಚಿದ್ದನ್ನು ಯಾರೂ ನೋಡಿಲ್ಲದ ಕಾರಣ ಅವಳ ಹೆಸರು ರೇಡಿಯೋ. ಅಪ್ಪ ಒಳಗೆ ಮೂಟೆ ಬಿಚ್ಚುತ್ತಿದ್ದ, ಇವಳು ಗಲ್ಲದ ಎತ್ತರಕ್ಕಿದ್ದ ಕಟ್ಟೆಯ ಹಿಂದೆ ನಿಂತು ದೊಡ್ಡ ವ್ಯಾಪಾರಿಯ ಗತ್ತಿನಲ್ಲಿ, "ಏನು ಬೇಕು ಮಿಸ್?" ಎಂದಳು.

"ಚೋಟಿ ಇನ್ನೂ ಮನೆಗೆ ಹೋಗಿಲ್ಲ ಕಣೆ. ಬೆಲ್ ಆದ ಮೇಲೆ ನೀನು ಅವಳನ್ನ ನೋಡಿದ್ಯಾ?"

"ನೋಡ್ಲಿಲ್ಲ ಮಿಸ್."

"ಸರಿಯಾಗಿ ಜ್ಞಾಪಿಸ್ಕೋ. ಗೇಟಿನ ಹತ್ರ?"

ಅವಳು ಗೇಟಿನ ಬಳಿ ಸಿಕ್ಕ ಬೆಕ್ಕಿನ ಮರಿಯ ಸುದ್ದಿ ತೆಗೆದಳು. ನನಗೆ ರೇಗಿತು. ರೇಗಿ ಪ್ರಯೋಜನವಿಲ್ಲ ಎನ್ನುವುದು ಹನ್ನೆರಡು ವರ್ಷದ ಅನುಭವದಿಂದ ಗೊತ್ತು. ಕಟ್ಟೆಯ ಮೇಲಿದ್ದ ಸಾಮಾನುಗಳನ್ನೇ ಎಳೆದುಕೊಂಡೆ. "ಬಾ, ಆಟ ಆಡೋಣ. ಈ ಸೋಪು ಅಂದ್ರೆ ನಾವು ಚಿತ್ರ ಹಂಚಿದ್ದು. ಈ ಬೆಂಕಿಪೊಟ್ಟಣ, ಜವಾನ ನೋಟಿಸ್ ತಂದಿದ್ದು. ಈ ಬಾಚಣಿಗೆ, ನಾನು ಬೀರು ಎಳೆದಿದ್ದು. ಈ ಬ್ಯಾಟರಿ, ಬೆಲ್ಲು. ಈ ಮೇಣದಬತ್ತಿ, ಚೋಟಿ ಬಾಗಿಲು ದಾಟಿ ಹೋಗಿದ್ದು." ನನಗೆ ನೆನಪಿದ್ದ ಕ್ರಮದಲ್ಲಿ ಸಾಲಾಗಿ ಇಟ್ಟೆ. ಮೇಣದಬತ್ತಿ ಕೊನೆಗೆ.

ರೇಡಿಯೋ ಸಾಲಿನ ಮೇಲೆ ಒಮ್ಮೆ ಬೆರಳಾಡಿಸಿದಳು. ಆಮೇಲೆ ಅವಳ ಮುಖದ ಮೇಲೆ ತಪ್ಪು ಹಿಡಿದವರ ಆ ಸಂತೋಷ ಮೂಡಿತು.

"ಮಿಸ್, ನೀವು ಒಂದನ್ನ ತಪ್ಪು ಜಾಗದಲ್ಲಿ ಇಟ್ಟಿದೀರ."

ಮೇಣದಬತ್ತಿಯನ್ನು ಎತ್ತಿ ಸೋಪಿನ ಪಕ್ಕ, ಬೆಂಕಿಪೊಟ್ಟಣಕ್ಕೆ ಮೊದಲು ಇಟ್ಟಳು.

"ಯಾಕೆ ತಪ್ಪು?" ನನ್ನ ಬಾಯಿಂದ ಅಭ್ಯಾಸ ಬಲದಿಂದ ಬಂದ ಪ್ರಶ್ನೆ ಅದು.

"ಯಾಕಂದ್ರೆ ಅವಳು ಹೋಗಿದ್ದು ಆಟದಲ್ಲಿ, ನಮ್ಮ ಜೊತೆ, ಬೆಂಚು ರೂಮಿಗೆ. ನನ್ನನ್ನ ನನ್ನ ಜೋಡಿ ಕರೀತು, ನಾನು ಬಂದೆ. ಎಲ್ಲರೂ ಬಂದ್ರು. ಅವಳೊಬ್ಳು ಅಲ್ಲೇ ಇದ್ಲು. ಆಮೇಲೆ ಜವಾನಣ್ಣ ಬಂದ್ರು, ಆಮೇಲೆ ನೀವು ಬೀರು ಎಳೆದ್ರಿ, ಬೆಂಚೆಲ್ಲ ಮಧ್ಯಕ್ಕೆ ತಳ್ಳಿ ಅಂದ್ರಿ. ಆಮೇಲೆ ಬೆಲ್ಲು." ಮೇಣದಬತ್ತಿಯನ್ನು ಮುಟ್ಟಿ, "ಅವಳು ಬಾಗಿಲು ದಾಟುವಾಗ ಬ್ಯಾಗ್ ಇತ್ತಾ ಮಿಸ್?" ಎಂದಳು.

ಕಣ್ಣು ಮುಚ್ಚಿದೆ. ಎರಡು ಜಡೆ, ಸಡಿಲವಾದ ರಿಬ್ಬನ್ನು, ಹೊಸ್ತಿಲ ಮೇಲೆ ಜಿಗಿತ. ಎರಡೂ ಕೈ ಖಾಲಿ. ಬೆನ್ನಿನ ಮೇಲೆ ಏನೂ ಇರಲಿಲ್ಲ.

ನಾನು ನೋಡಿದ್ದು ನಿಜ. ನೋಡಿದ್ದನ್ನು ಬೆಲ್ಲಿನ ಆಚೆಗೆ ತೆಗೆದಿಟ್ಟಿದ್ದೆ, ಅಷ್ಟೆ. ಅವಳನ್ನು ಹೊರಗೆ ಕಳಿಸಿ, ಹೂವಿನ ಚಿತ್ರವನ್ನು ಮೊಳಕೆಯ ಹಿಂದೆ ಇಟ್ಟು, ಕರೆಯಬೇಕು ಎಂದು ತಲೆ ಎತ್ತುವಷ್ಟರಲ್ಲಿ ಜವಾನ ನೋಟಿಸ್ ಹಿಡಿದು ನಿಂತಿದ್ದ. ಸಹಿ ಹಾಕಿ ಎಂದ. ನೋಟಿಸಿನಲ್ಲಿ ಏನಿತ್ತು ಎನ್ನುವುದು ಅಂಗಡಿಯ ಕಟ್ಟೆಯ ಮುಂದೆ ನಿಂತಾಗ ನೆನಪಾಯಿತು: ಮಧ್ಯಾಹ್ನ ಎರಡು ಗಂಟೆಯಿಂದ ಶಾಲೆಯ ಎಲ್ಲ ಕೋಣೆಗಳಿಗೂ ಹುಳದ ಔಷಧಿಯ ಹೊಗೆ ಹಾಕುತ್ತಾರೆ, ಬೀರುಗಳನ್ನು ಗೋಡೆಯಿಂದ ದೂರ ಎಳೆದಿಡಿ, ಸೋಮವಾರದ ತನಕ ಯಾರೂ ಒಳಗೆ ಬರಬಾರದು.

ಅಂಗಡಿಯ ಗಡಿಯಾರದಲ್ಲಿ ಎರಡೂ ಇಪ್ಪತ್ತೈದು.

"ಸರಿ ಹೇಳಿದ್ನಾ ಮಿಸ್?" ಎಂದು ರೇಡಿಯೋ ಹಿಂದಿನಿಂದ ಕೇಳುತ್ತಿದ್ದಳು. ಅವಳ ಅಪ್ಪನಿಗೆ, ಕಾಲುವೆಯ ಹತ್ತಿರ ಹೋಗಿ ಟೈಲರಮ್ಮನನ್ನು ಶಾಲೆಗೆ ಕರೆದುಕೊಂಡು ಬನ್ನಿ ಎಂದು ಕೂಗಿ ಹೇಳಿ, ಅವನ ಫೋನನ್ನು ಕೈಯಿಂದ ಕಿತ್ತುಕೊಂಡೇ ಓಡಿದೆ.

ಓಡುತ್ತಲೇ ಹೆಡ್‌ಮೇಡಂಗೆ ಫೋನ್ ಮಾಡಿದೆ. ಆರು ಸಲ ರಿಂಗಾದ ಮೇಲೆ ಎತ್ತಿದರು. ಹೇಳಿದ್ದನ್ನು ಕೇಳಿ, ಮಲಗಿ ಎದ್ದ ದನಿಯಲ್ಲಿ, "ಗಾಬರಿ ಮಾಡ್ಕೋಬೇಡಿ. ಔಷಧಿಯವರು ಹಾಗೆಲ್ಲ ಹೊಗೆ ಹಾಕಲ್ಲ. ಪ್ರತಿ ರೂಮಿನ ಒಳಗೆ ಹೋಗಿ, ಯಾರಿದ್ದೀರ ಅಂತ ಮೂರು ಸಲ ಕೂಗಿ, ಉತ್ತರ ಬರ್ಲಿಲ್ಲ ಅಂದ್ರೇನೇ ಹೊಗೆ ಡಬ್ಬಿ ಹಚ್ಚೋದು. ಅದು ಅವರ ನಿಯಮ. ಮಗು ಇದ್ದಿದ್ರೆ ಓ ಅಂದಿರ್ತಿತ್ತು" ಎಂದರು.

"ಅವಳು ಓ ಅನ್ನಲ್ಲ ಮೇಡಂ."

"ಯಾಕೆ ಅನ್ನಲ್ಲ? ಕೂಗಿದ್ರೆ ಯಾವ ಮಗು ಆದ್ರೂ..."

"ಅನ್ನಬಾರದು ಅಂತ ನಾನು ಹೇಳಿದೀನಿ."

"ವಾಚ್‌ಮನ್‌ಗೆ ಫೋನ್ ಮಾಡ್ತೀನಿ, ನೀವು ಓಡಿ" ಎಂದರು. ವಾಚ್‌ಮನ್ ಫೋನನ್ನು ಗೇಟಿನ ಗೂಡಿನಲ್ಲಿ ಚಾರ್ಜಿಗೆ ಹಾಕಿ ಹಿಂದಿನ ತೋಟಕ್ಕೆ ಹೋಗುತ್ತಾನೆ ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ನಾನು ದಪ್ಪ ಹೆಂಗಸು. ಮೆಟ್ಟಿಲು ಹತ್ತಿದರೇ ಏದುಸಿರು ಬರುತ್ತದೆ, ಮಕ್ಕಳು ಹಿಂದಿನಿಂದ ನನ್ನ ನಡಿಗೆ ಅಣಕಿಸುವುದು ಕಿಟಕಿಯ ಗಾಜಿನಲ್ಲಿ ಕಂಡಿದೆ. ಅವತ್ತು ಒಂದು ಚಪ್ಪಲಿ ಎಲ್ಲೋ ಕಳಚಿತು, ಇನ್ನೊಂದನ್ನು ನಾನೇ ಒದ್ದು ಎಸೆದೆ. ಓಡುವಾಗ ತಲೆಯಲ್ಲಿ ಒಂದೇ ಲೆಕ್ಕ: ಶಾಲೆಯಲ್ಲಿ ಕೆಳಗೆ ಏಳು ಕೋಣೆ, ಮೇಲೆ ಆರು. ಕೆಳಗಿನಿಂದ ಶುರು ಮಾಡಿದ್ದರೆ ಅವಳಿಗೆ ಇನ್ನೂ ಸಮಯವಿದೆ. ಮೇಲಿನ ತುದಿಯಿಂದ ಶುರು ಮಾಡಿದ್ದರೆ ಮೊದಲ ಕೋಣೆಯೇ ಅವಳದು. ಯಾವುದು ಮೊದಲು, ಯಾವುದು ಆಮೇಲೆ. ಕೆಳಗಿನಿಂದ ಶುರು ಮಾಡಿರಲಿ, ಕೆಳಗಿನಿಂದ ಶುರು ಮಾಡಿರಲಿ ಎಂದು ಬಾಯಿಬಿಟ್ಟು ಹೇಳಿಕೊಂಡೇ ಓಡಿದೆ. ದಾರಿಯಲ್ಲಿದ್ದವರು ತಿರುಗಿ ನೋಡಿದರು.

ಗೇಟು ಚಿಲಕ ಹಾಕಿತ್ತು, ಬೀಗ ಇರಲಿಲ್ಲ. ಕೆಳಗಿನ ಏಳೂ ಬಾಗಿಲುಗಳು ಹಾಗೇ ಇದ್ದವು. ಹೊಗೆ ಸೋರದಂತೆ ಅಂಚಿಗೆ ಹಚ್ಚುವ ಟೇಪು ಯಾವುದಕ್ಕೂ ಇರಲಿಲ್ಲ. ಅದನ್ನು ನೋಡಿ ಅರೆಕ್ಷಣ, ಇನ್ನೂ ಶುರುವೇ ಆಗಿಲ್ಲ ಎಂದು ಜೀವ ಬಂದಂತಾಯಿತು. ಅಷ್ಟರಲ್ಲಿ ಮೇಲಿನಿಂದ ಟೇಪು ಪರ್ರನೆ ಬಿಚ್ಚುವ ಸದ್ದು ಕೇಳಿಸಿತು.

ಔಷಧಿಯವನು ಮೇಲಿನ ಕಾರಿಡಾರಿನಲ್ಲಿ, ತುದಿಯಿಂದ ಎರಡನೆಯ ಬಾಗಿಲಿನ ಅಂಚಿಗೆ ಅಗಲವಾದ ಟೇಪು ಹಚ್ಚುತ್ತಿದ್ದ. ಮೂಗು ಬಾಯಿ ಮುಚ್ಚುವ ರಬ್ಬರಿನ ಮುಖವಾಡವನ್ನು ಹಣೆಗೆ ಏರಿಸಿಕೊಂಡಿದ್ದ. ಅವನ ಹಿಂದೆ, ಬೆಂಚು ಕೋಣೆಯ ಬಾಗಿಲಿನ ನಾಲ್ಕೂ ಅಂಚಿಗೆ ಟೇಪು ಹಚ್ಚಿ ಮುಗಿದಿತ್ತು.

"ಮೇಡಂ, ಒಳಗೆ ಬರಬಾರ್ದು..."

"ಆ ರೂಮ್. ಆ ರೂಮಲ್ಲಿ ಮಗು ಇದೆ. ಎಷ್ಟು ಹೊತ್ತಾಯ್ತು ಹಚ್ಚಿ?"

"ಹತ್ತು ನಿಮಿಷ ಆಗಿರಬಹುದು. ಯಾರೂ ಇಲ್ಲ ಮೇಡಂ ಅಲ್ಲಿ. ನಾನೇ ಒಳಗೆ ಹೋಗಿದ್ದೆ, ಒಡೆದ ಕಿಟಕಿಗೆ ಕಾಗದ ಅಂಟಿಸ್ಬೇಕಿತ್ತು. ಮೂರು ಸಲ ಕೂಗಿದೆ, ನನ್ನ ಮಕ್ಕಳಾಣೆಗೂ. ಯಾರೂ ಓ ಅನ್ಲಿಲ್ಲ."

ನಾನು ಅವನಿಗೆ ಏನು ಉತ್ತರ ಕೊಟ್ಟೆನೋ ಗೊತ್ತಿಲ್ಲ. ಉಗುರಿನಿಂದ ಟೇಪು ಕೀಳತೊಡಗಿದ್ದೆ. ಅದು ಉಗುರಿಗೆ ಸಿಗುವಂಥದ್ದಲ್ಲ. ಅವನು ನನ್ನ ಮುಖ ನೋಡಿದ, ಸೊಂಟದಿಂದ ಚಾಕು ತೆಗೆದು ಮೇಲಿನಿಂದ ಕೆಳಗೆ ಒಂದೇ ಎಳೆತಕ್ಕೆ ಕೊಯ್ದ. ಚಿಲಕಕ್ಕೆ ಕೈ ಹಾಕಿದಾಗ ನನಗೆ ಕೇಳಿಸಿತು. ಬಾಗಿಲಿನ ಆ ಕಡೆ, ತುಂಬ ಕೆಳಗೆ, ಯಾರೋ ತಟ್ಟುತ್ತಿದ್ದರು. ಬಡಿಯುತ್ತಿರಲಿಲ್ಲ. ತರಗತಿಗೆ ತಡವಾಗಿ ಬಂದ ಮಗು ಒಳಗೆ ಬರಲೇ ಎಂದು ತಟ್ಟುತ್ತದಲ್ಲ, ಹಾಗೆ, ಒಂದು ಬೆರಳಿನ ಗೆಣ್ಣಿನಿಂದ.

"ಆಮೇಲೆ?" ಎಂದು ಕೂಗಿದೆ. "ಆಮೇಲೆ, ಆಮೇಲೆ, ಬಾರೆ ಹೊರಗೆ."

ಬಾಗಿಲು ತೆರೆದಾಗ ಹೊಗೆ ಬೆಳ್ಳಗೆ ನಮ್ಮ ಮೇಲೆ ಬಿತ್ತು. ಗಂಟಲಿಗೆ ಯಾರೋ ಉಪ್ಪು ಕಾಗದ ಹಾಕಿ ಉಜ್ಜಿದ ಹಾಗಾಯಿತು, ಕಣ್ಣು ತೆರೆಯಲಾಗಲಿಲ್ಲ. ಅವನು ಮುಖವಾಡ ಇಳಿಸಿಕೊಂಡು ನುಗ್ಗುವ ಮೊದಲೇ ನನ್ನ ಮೊಣಕಾಲಿಗೆ ಏನೋ ಬಂದು ತಾಗಿತು. ತಡವಿದರೆ ತಲೆ, ಜಡೆ. ನೆಲದ ಮೇಲೆ ತೆವಳಿಕೊಂಡು ಬಂದಿದ್ದಳು. ಲಂಗದ ಅಂಚನ್ನು ಬಾಯಿಗೆ ಒತ್ತಿಕೊಂಡಿದ್ದಳು. ಎತ್ತಿಕೊಂಡಾಗ ಅವಳು ನನ್ನ ಭುಜದ ಮೇಲೆ ಕಾರಿಕೊಂಡಳು, ಆಮೇಲೆ ಕೆಮ್ಮಿದಳು. ಆ ಕೆಮ್ಮಿನ ಸದ್ದು ಕೇಳಿ ನನಗೆ ಅಳು ಬಂತು. ಔಷಧಿಯವನು ಗೋಡೆಗೆ ಒರಗಿ ಕುಸಿದು ಕೂತು, "ನಾನು ಕೂಗಿದೆ ಮೇಡಂ, ಮೂರು ಸಲ ಕೂಗಿದೆ" ಎಂದು ಹೇಳುತ್ತಲೇ ಇದ್ದ. ಪಾಪದ ಮನುಷ್ಯ. ಅವನ ತಪ್ಪು ಒಂದೂ ಇರಲಿಲ್ಲ.

ಅವನ ಗಾಡಿಯಲ್ಲೇ ಆಸ್ಪತ್ರೆಗೆ ಹೋದೆವು. ದಾರಿಯಲ್ಲಿ ಚೋಟಿ ನನ್ನ ತೊಡೆಯ ಮೇಲೆ ಕೂತು, ಊದಿಕೊಂಡ ಕಣ್ಣುಗಳನ್ನು ಬಿಡಲಾಗದೆ, ಕೆಮ್ಮಿನ ನಡುನಡುವೆ ಒಂದೊಂದೇ ಮಾತು ಹೇಳಿದಳು.

"ಬೆಲ್ ಹೊಡೀತು ಮಿಸ್. ನಾನು ಬರ್ಲಿಲ್ಲ."

"ಹೂಂ ಕಂದ."

"ಆಮೇಲೆ ಎಲ್ಲರೂ ಹೋದ್ರು. ಆಮೇಲೆ ನಿದ್ದೆ ಬಂತು. ಆಮೇಲೆ ಆ ಮಾಮ ಬಂದ್ರು. ನಾನು ಬೆಂಚಿನ ಕೆಳಗೆ ಇದ್ದೆ. ಅವರ ಬೂಟು ಇಲ್ಲೇ ಇತ್ತು." ತನ್ನ ಮೂಗಿನ ಮುಂದೆ ಕೈ ಹಿಡಿದು ತೋರಿಸಿದಳು. "ಯಾರಿದ್ದೀರ ಅಂದ್ರು. ನಾನು ಉಸಿರು ಬಿಡ್ಲಿಲ್ಲ. ಆಮೇಲೆ ಹೊಗೆ ಬಂತು. ಬಾಗಿಲು ತಟ್ಟಿದೆ. ಕೂಗ್ಲಿಲ್ಲ ಮಿಸ್."

ಒಂದೂ ಹಿಂದುಮುಂದಾಗಿರಲಿಲ್ಲ. ಎಲ್ಲ ಕ್ರಮವಾಗಿ, ನಾನು ಹೇಳಿಕೊಟ್ಟ ಹಾಗೆಯೇ ಹೇಳಿದಳು. ಔಷಧಿಯವನು ಗಾಡಿ ಓಡಿಸುತ್ತ ಒಮ್ಮೆ ಕನ್ನಡಿಯಲ್ಲಿ ನನ್ನನ್ನು ನೋಡಿ, ಮತ್ತೆ ನೋಡಲಿಲ್ಲ.

ಆಸ್ಪತ್ರೆಯಲ್ಲಿ ಅವಳ ಕಣ್ಣು ತೊಳೆದರು, ಬಟ್ಟೆ ಬದಲಿಸಿ ಮೈಯೆಲ್ಲ ಸೋಪು ಹಾಕಿ ಒರೆಸಿದರು, ಮೂಗಿಗೆ ಆಮ್ಲಜನಕದ ಕೊಳವೆ ಇಟ್ಟರು. ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿ, "ಇನ್ನರ್ಧ ಗಂಟೆ ಆಗಿದ್ರೆ ನಾನು ಈ ಮಾತು ಹೇಳ್ತಿರ್ಲಿಲ್ಲ. ಇವತ್ತು ರಾತ್ರಿ ಇಲ್ಲೇ ಇರ್ಲಿ. ಮಗು ಉಳೀತು" ಎಂದರು. ನಾನು ಹೊರಗಿನ ಬೆಂಚಿನ ಮೇಲೆ ಬರಿಗಾಲಲ್ಲಿ ಕೂತೆ. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡೆ.

ದಿನಸಿ ಅಂಗಡಿಯವನ ಜೊತೆ ಚೋಟಿಯ ಅಮ್ಮ ಬಂದರು. ಶಾಲೆಗೆ ಹೋಗಿ, ಅಲ್ಲಿಂದ ಇಲ್ಲಿಗೆ ಬಂದಿದ್ದರು. ಸೀರೆ ಮೊಣಕಾಲಿನ ತನಕ ಒದ್ದೆ. ಬಿದಿರು ಸಾಲದೆ ಅವರೇ ನೀರಿಗಿಳಿದಿದ್ದರಂತೆ. ಮೊದಲು ಒಳಗೆ ಹೋಗಿ ಮಗಳನ್ನು ನೋಡಿ ಬಂದು ನನ್ನ ಪಕ್ಕ ಕೂತರು. ಅವರು ಕೇಳುವ ಮೊದಲೇ ಹೇಳಿಬಿಡಬೇಕು ಎಂದು ನಾನು ಹೇಳತೊಡಗಿದೆ. ಆಟ, ನಿಯಮ, ಜವಾನ, ನೋಟಿಸ್, ಬೀರು, ಬೆಲ್. ಏನನ್ನೂ ಹಿಂದೆ ಮುಂದೆ ಮಾಡಲಿಲ್ಲ, ಎರಡು ತುತ್ತಿನದೊಂದನ್ನು ಬಿಟ್ಟೆ.

ಅವರು ಅಳತೆ ಟೇಪನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೇಳಿದರು.

"ಹಾಗಾದ್ರೆ ನೀವು ಕಣ್ಣಾರೆ ನೋಡಿದೆ ಅಂದಿದ್ದು ಸುಳ್ಳಾ?"

"ನೋಡಿದ್ದು ನಿಜ. ಯಾವಾಗ ನೋಡಿದ್ದು ಅನ್ನೋದು ತಪ್ಪಾಯ್ತು."

"ನಾನು ಕಾಲುವೇಲಿ ಹುಡುಕ್ತಾ ಇದ್ದೆ" ಎಂದರು. ಮತ್ತೆ ಟೇಪನ್ನು ಬೆರಳಿಗೆ ಸುತ್ತತೊಡಗಿದರು. ಬೈಯಲಿ, ನಾಲ್ಕು ಜನರೆದುರು ಮರ್ಯಾದೆ ತೆಗೆಯಲಿ, ಬೇಕಾದರೆ ಕೈ ಮಾಡಲಿ ಎಂದು ನಾನು ಕಾದೆ. ನಾನಾಗಿದ್ದರೆ ಅಷ್ಟನ್ನೂ ಮಾಡುತ್ತಿದ್ದೆ.

ನರ್ಸ್ ಬಂದು, ವಾರ್ಡಿಗೆ ಸೇರಿಸಲು ಚೀಟಿ ಬರೆಯಬೇಕು ಎಂದು ನಮ್ಮಿಬ್ಬರನ್ನೂ ಒಳಗೆ ಕರೆದಳು. ನಗುಮುಖದ ಹುಡುಗಿ. ಚೋಟಿಯ ಹಾಸಿಗೆಯ ಮೇಲೆ ಬಗ್ಗಿ, ಕೂದಲು ನೇವರಿಸಿ, "ಜಾಣೆ ನೀನು. ನಿನ್ನ ಹೆಸರೇನು ಹೇಳು ನೋಡೋಣ?" ಎಂದಳು.

ಚೋಟಿ ಮಾತಾಡಲಿಲ್ಲ.

"ಗಂಟಲು ನೋಯ್ತಿದ್ಯಾ? ಮೆಲ್ಲಗೆ ಹೇಳು ಪರವಾಗಿಲ್ಲ. ಏನು ಹೆಸರು?"

ಊದಿದ ರೆಪ್ಪೆಗಳ ನಡುವಿನ ಸಂದಿಯಲ್ಲಿ ಆ ಕಣ್ಣುಗಳು ನರ್ಸನ್ನು ನೋಡಿದವು, ಹಾಸಿಗೆಯ ಅಂಚಿನಲ್ಲಿ ಅವಳ ಕಾಲು ಹಿಡಿದು ನಿಂತಿದ್ದ ಅಮ್ಮನನ್ನು ದಾಟಿದವು, ಬಾಗಿಲ ಬಳಿಯಿದ್ದ ನನ್ನ ಮೇಲೆ ಬಂದು ನಿಂತವು. ತುಟಿ ಬಿಗಿಯಾಗಿ ಮುಚ್ಚಿದ್ದಳು. ಕಾಯುತ್ತಿದ್ದಳು.

ಅಮ್ಮ ಮಗಳ ಮುಖ ನೋಡಿದರು. ಆಮೇಲೆ ತಿರುಗಿ, ಆ ನೋಟ ಹೋಗಿದ್ದ ಕಡೆಗೆ, ನನ್ನ ಕಡೆಗೆ ನೋಡಿದರು. ಕಾಲುವೆಯ ದಡದಲ್ಲೂ ಅವರ ಮುಖ ಅಷ್ಟು ಬಿಳಿಚಿರಲಿಲ್ಲ.

"ಹೇಳು ಅನ್ನಿ ಟೀಚರ್" ಎಂದರು, ತಗ್ಗಿದ ದನಿಯಲ್ಲಿ. "ನೀವು ಹೇಳಿದ್ರೇ ಅವಳು ಬಾಯಿ ಬಿಡೋದು."

"ಹೇಳು" ಎಂದೆ.

ಚೋಟಿ ತಕ್ಷಣ ತನ್ನ ಹೆಸರು ಹೇಳಿದಳು. ಅಪ್ಪನ ಹೆಸರು, ತರಗತಿ, ಹಾಜರಿ ನಂಬರು, ಯಾವುದನ್ನೂ ಬಿಡದೆ ಹೇಳಿದಳು. ಹೇಳಿ ಮುಗಿಸಿ, ಸರಿಯಾಗಿತ್ತೇ ಎಂದು ನನ್ನನ್ನು ನೋಡಿದಳು.